ಹಿಮಪ್ರಪಾತವೂ ಚಳಿಗಾಲದ ಪರ್ವತಯಾತ್ರೆಯೂ

ನಮ್ಮ ಸೀಮೆಯಲ್ಲಿ ಹಿಮವೆಂಬ ವಸ್ತುವಿಲ್ಲ. ಮಾಗಿಯ ಬೆಳಗ್ಗೆ ಚನ್ನರಾಯಪಟ್ಟಣದ ಹೊಲಗಳ ಮೇಲೆ ಕವಿಯುವ ಕಾವಳವನ್ನೂ, ಹುಲ್ಲಿನ ಗರಿಯ ಮೇಲೆ ನಿಲ್ಲುವ ಇಬ್ಬನಿಯನ್ನೂ, ನಂದಿಯ ಬೆಟ್ಟದ ತಲೆಯನ್ನು ಮುಚ್ಚುವ ಮೋಡವನ್ನೂ ನಾವು ಭೇದವಿಲ್ಲದೆ 'ಮಂಜು' ಎಂದು ಕರೆದು ತೃಪ್ತರಾಗಿದ್ದೇವೆ. ಉತ್ತರದ ಪರ್ವತಗಳಲ್ಲಿ ಬೀಳುವ ಹಿಮಕ್ಕೂ ಇದೇ ಹೆಸರನ್ನು ಕೊಟ್ಟಿರುವುದರಿಂದ, ಅದು ಕೂಡ ಬಿಸಿಲೇರಿದೊಡನೆ ಕರಗಿಹೋಗುವ ಮೃದುವಾದ ಪದಾರ್ಥವೆಂಬ ಭಾವನೆ ನಮ್ಮವರ ಮನಸ್ಸಿನಲ್ಲಿ ನೆಲೆಸಿದೆ. ಸಂಸ್ಕೃತದವರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮಜ್ಞರು. ಹಿಮದ ರಾಶಿಗೆ ಅಮರಕೋಶದಲ್ಲಿ 'ಹಿಮಾನೀ' ಎಂಬ ಬೇರೆ ಹೆಸರೇ ಉಂಟು. ಅರಣ್ಯವು ಮಹತ್ತಾದರೆ ಅರಣ್ಯಾನೀ ಎನಿಸುವಂತೆ ಹಿಮವು ಮಹತ್ತಾದರೆ ಹಿಮಾನೀ ಎನಿಸುವುದೆಂದು ವೈಯಾಕರಣರು ವಿಧಿಸಿದ್ದಾರೆ. ಹೆಚ್ಚಾದಾಗ ವಸ್ತುವಿನ ಸ್ವಭಾವವೇ ಬದಲಾಗುವುದೆಂಬ ಅರಿವು ಈ ಪ್ರತ್ಯಯದಲ್ಲಿ ಅಡಗಿರುವಂತೆ ತೋರುತ್ತದೆ.

ಹೆಸರಿನ ಈ ಗೊಂದಲವು ಕೇವಲ ಪಂಡಿತರ ಚರ್ಚೆಗೆ ಸಂಬಂಧಪಟ್ಟದ್ದಲ್ಲ. 2016ನೆಯ ಇಸವಿಯ ಫೆಬ್ರವರಿಯಲ್ಲಿ ನಮ್ಮ ಪತ್ರಿಕೆಗಳು 'ಹಿಮಪಾತದಲ್ಲಿ ಹತ್ತು ಮಂದಿ ಯೋಧರು' ಎಂದು ಅಚ್ಚುಹಾಕಿದಾಗ, ಆಕಾಶದಿಂದ ಹಿಮವು ಬಿದ್ದು ಮನುಷ್ಯರನ್ನು ಮುಚ್ಚಿತೆಂದು ಅನೇಕರು ಗ್ರಹಿಸಿದರು. ಆಕಾಶದಿಂದ ಬೀಳುವುದು ಹಿಮಪಾತ. ಪರ್ವತದ ಮೈಯಿಂದ ಕಳಚಿಕೊಂಡು ಉರುಳಿ ಬರುವುದು ಬೇರೆ. ಈ ಲೇಖನದಲ್ಲಿ ಎರಡನೆಯದನ್ನು 'ಹಿಮಪ್ರಪಾತ' ಎಂದು ಕರೆಯುತ್ತೇನೆ. ಮೊದಲನೆಯದು ಋತುಧರ್ಮ. ಎರಡನೆಯದಕ್ಕೆ ಸ್ಥಳ, ಕಾಲ, ಕಾರಣ ಮೂರೂ ಉಂಟು. ಆದುದರಿಂದಲೇ ಅದಕ್ಕೆ ಒಂದು ಇತಿಹಾಸವೂ ಉಂಟು.

ಆ ವರ್ಷ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿಗಳ ಎತ್ತರದಲ್ಲಿರುವ ಸೋನಮ್ ಠಾಣೆಯ ಮೇಲೆ ಭಾರಿಯಾದ ಹಿಮದ ಗೋಡೆಯೊಂದು ಕುಸಿದು ಬಿದ್ದಿತು. ನಂದಿಬೆಟ್ಟದಂಥ ನಾಲ್ಕು ಬೆಟ್ಟಗಳನ್ನು ಒಂದರ ಮೇಲೊಂದು ಇರಿಸಿದರೆ ಆ ಎತ್ತರವು ಬಂದೀತು. ಠಾಣೆಯಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ 19ನೆಯ ಪಟಾಲಮ್ಮಿನ ಹತ್ತು ಮಂದಿ. ಅವರಲ್ಲಿ ಮೂವರು ಕನ್ನಡನಾಡಿನವರು: ಹಾಸನದ ಬಳಿಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ, ಮತ್ತು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿವಸ, ಅಂದರೆ ಫೆಬ್ರವರಿ 8ರಂದು, ಸುಮಾರು 25 ಅಡಿಗಳ ಆಳದಲ್ಲಿ ಹನುಮಂತಪ್ಪನು ಉಸಿರಾಡುತ್ತಿದ್ದ ಸ್ಥಿತಿಯಲ್ಲಿ ದೊರೆತನು. ದೆಹಲಿಯ ಸೈನಿಕ ಆಸ್ಪತ್ರೆಗೆ ಅವನನ್ನು ಸಾಗಿಸಿದರು. ದೇಶವೆಲ್ಲ ಅವನಿಗಾಗಿ ಪ್ರಾರ್ಥಿಸಿತು. 11ನೆಯ ತಾರೀಖು ಅವನು ತೀರಿಕೊಂಡನು.

ಬೆಟದೂರು ಕರಿಯ ಎರೆಯ ಭೂಮಿ. ಹತ್ತಿ ಜೋಳಗಳ ಆ ಸೀಮೆಯ ರೈತನ ಮಗನು ಹಿಮದಲ್ಲಿ ಹೂತುಹೋಗಬೇಕಾಗಿ ಬಂದುದನ್ನು ಕೇಳಿ ನಮ್ಮ ಊರಿನ ಹಿರಿಯರು ಹಣೆಬರಹವೆಂದರು. ಶೋಕದ ಸಮಯದಲ್ಲಿ ಆ ಮಾತಿಗೂ ಅವಕಾಶವಿದೆ. ಪುರಾಣಗಳನ್ನು ಓದಿ ಬೆಳೆದ ನಾನು ಅದನ್ನು ಹಾಸ್ಯಮಾಡಲಾರೆ. ಆದರೆ ಹಿಮದ ಹಾದಿಯಲ್ಲಿ ನಡೆದವರ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಅಲ್ಲಿ ಮಡಿದವರಲ್ಲಿ ಬಹು ಮಂದಿ, ಹಿಮದ ಗುಣವು ಯಾರಿಗೂ ತಿಳಿಯದಿದ್ದುದರಿಂದ ಮಡಿಯಲಿಲ್ಲ. ಸ್ಥಳದವರಿಗೆ ಅದು ತಿಳಿದೇ ಇದ್ದಿತು. ಅರಸನ ಆಜ್ಞೆ, ಯಾತ್ರಿಕನ ಆತುರ, ವ್ಯಾಪಾರಿಯ ಲಾಭ, ಇವುಗಳಲ್ಲಿ ಯಾವುದೋ ಒಂದು ಆ ತಿಳಿವಳಿಕೆಯನ್ನು ಮೀರಿ ನಡೆಯುವಂತೆ ಮಾಡಿತು.

ಹಿಮಪ್ರಪಾತವು ಆಗುವ ಬಗೆಯನ್ನು ಮೊದಲು ಸ್ವಲ್ಪ ತಿಳಿಯಬೇಕು. ಪರ್ವತದ ಮೇಲಣ ಹಿಮವು ಒಂದೇ ರಾಶಿಯಲ್ಲ. ಪ್ರತಿಯೊಂದು ಹಿಮಪಾತವೂ ಒಂದೊಂದು ಪದರವಾಗಿ ಕೂಡುತ್ತದೆ. ಕೆಲವು ಪದರಗಳು ಗಾಳಿಯ ಹೊಡೆತದಿಂದ ಬಿಗಿಯಾಗಿ ಹಲಗೆಯಂತಾಗುತ್ತವೆ. ಕೆಲವು, ನೆಲದ ಬಿಸುಪಿಗೂ ಮೇಲಣ ಚಳಿಗೂ ನಡುವೆ ಸಿಕ್ಕಿ, ಒರಟು ಸಕ್ಕರೆಯ ಹರಳುಗಳಂತಾಗಿ ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲೆ ರಾಗಿಯ ಕಾಳನ್ನು ಹರಡಿ, ಅದರ ಮೇಲೆ ಒಂದು ಕಲ್ಲಿನ ಬಿಲ್ಲೆಯನ್ನು ಇಟ್ಟರೆ ಏನಾಗುವುದೆಂದು ನಮ್ಮ ಮನೆಯ ಹುಡುಗರೂ ಹೇಳಬಲ್ಲರು. ಹೊಸ ಹಿಮದ ಭಾರವಾಗಲಿ, ಹಠಾತ್ತಾಗಿ ಏರಿದ ಬಿಸಿಲಾಗಲಿ, ಒಬ್ಬ ಮನುಷ್ಯನ ಹೆಜ್ಜೆಯಾಗಲಿ ಸಾಕು. ಮೇಲಣ ಪದರವು ಬಿರುಕುಬಿಟ್ಟು ಕಳಚಿ ಬರುತ್ತದೆ. ತೀರ ಕಡಿದಾದ ಬಂಡೆಯಲ್ಲಿ ಹಿಮವು ನಿಲ್ಲುವುದೇ ಇಲ್ಲ, ತೀರ ಚಪ್ಪಟೆಯಾದ ಕಡೆ ಜಾರುವುದಿಲ್ಲ; 30ರಿಂದ 45 ಡಿಗ್ರಿಯ ಇಳಿಜಾರುಗಳೇ ಹೆಚ್ಚು ಅಪಾಯಕರವೆಂದು ಈಗಿನ ಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಸೋನಮ್ ಠಾಣೆಯ ಮೇಲೆ ಬಿದ್ದುದು ಗಟ್ಟಿಯಾದ ಹಿಮಗೋಡೆಯಾದುದರಿಂದ ಅದರ ಬಗೆ ಬೇರೆ. ಆದರೆ ಪ್ರಯಾಣಿಕನಿಗೆ ಸಾಮಾನ್ಯವಾಗಿ ಎದುರಾಗುವುದು ಈ ಪದರದ ಜಾರುವಿಕೆಯೇ.

ಆಶ್ಚರ್ಯವೇನೆಂದರೆ, ಈ ಪದರಗಳ ರಹಸ್ಯವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಚರಿತ್ರಕಾರನು ಕಂಡಿದ್ದನು. ಕ್ರಿ. ಪೂ. 218ರಲ್ಲಿ ಕಾರ್ಥೇಜಿನ ಹ್ಯಾನಿಬಲನು ಆನೆಗಳನ್ನೂ ಸೇನೆಯನ್ನೂ ಕೂಡಿಕೊಂಡು ಆಲ್ಪ್ಸ್ ಪರ್ವತಗಳನ್ನು ದಾಟಿ ರೋಮಿನವರ ಮೇಲೆ ಇಳಿದನಷ್ಟೆ. ಆ ದಾರಿಯನ್ನು ಸ್ವತಃ ನಡೆದು ನೋಡಿ ಬರೆದ ಗ್ರೀಕ್ ಚರಿತ್ರಕಾರ ಪೊಲಿಬಿಯಸ್ಸನು ಹೇಳುವುದೇನೆಂದರೆ, ಹಿಂದಿನ ಚಳಿಗಾಲದಿಂದ ಉಳಿದಿದ್ದ ಗಟ್ಟಿ ಹಿಮದ ಮೇಲೆ ಹೊಸ ಹಿಮವು ಬಿದ್ದಿದ್ದಿತು. ಸೈನಿಕರ ಕಾಲು ಮೇಲಿನ ಮೃದುವಾದ ಪದರವನ್ನು ತೂರಿಕೊಂಡು ಹೋಗಿ ಕೆಳಗಿನ ಗಟ್ಟಿ ಪದರದ ಮೇಲೆ ಜಾರುತ್ತಿದ್ದಿತು. ಹ್ಯಾನಿಬಲನು ಶಿಖರವನ್ನು ಮುಟ್ಟಿದಾಗ ಕೃತ್ತಿಕಾ ನಕ್ಷತ್ರದ ಅಸ್ತಮಾನದ ಕಾಲವು ಸಮೀಪಿಸಿದ್ದಿತು, ಎಂದರೆ ಯಾತ್ರೆಯ ಋತುವು ಕಳೆದಿದ್ದಿತು. ರೋನ್ ನದಿಯನ್ನು ದಾಟಿದಾಗ ಅವನಲ್ಲಿ 38,000 ಕಾಲಾಳುಗಳೂ 8,000ಕ್ಕೆ ಮಿಕ್ಕ ಕುದುರೆಯಾಳುಗಳೂ ಇದ್ದರು. ಇಟಲಿಯ ಬಯಲಿಗೆ ಇಳಿದಾಗ ಉಳಿದವರು 20,000 ಕಾಲಾಳುಗಳು ಮತ್ತು 6,000 ಕುದುರೆಯಾಳುಗಳು. ಗುಡ್ಡಗಾಡಿನವರೊಡನೆ ನಡೆದ ಕಾದಾಟವೂ ಇದಕ್ಕೆ ಕಾರಣವಾಯಿತೆಂಬುದನ್ನು ಮರೆಯಬಾರದು. ಆದರೂ ಇನ್ನು ಸ್ವಲ್ಪ ಮುಂಚೆ ಹೊರಟಿದ್ದರೆ ಹಿಮದಿಂದ ಆದ ನಷ್ಟವು ಕಡಿಮೆಯಾಗುತ್ತಿದ್ದಿತೆಂದು ನನಗೆ ತೋರುತ್ತದೆ.

ನಮ್ಮ ನಾಡಿನ ಚರಿತ್ರೆಗೆ ಹತ್ತಿರದವರಾದ ಇಬ್ಬರು ಪ್ರವಾಸಿಗಳೂ ಈ ಹಾದಿಯಲ್ಲಿ ನಡೆದವರೇ. ಚಾಲುಕ್ಯ ಪುಲಿಕೇಶಿಯ ರಾಜ್ಯವನ್ನು ಕಂಡು ಅವನ ಪರಾಕ್ರಮವನ್ನು ವರ್ಣಿಸಿದ ಹ್ಯುಯೆನ್ ತ್ಸಾಂಗನ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಪರಿಚಿತವಾದದ್ದು. ಆ ಯತಿಯು ಚೀನದಿಂದ ಭರತಖಂಡಕ್ಕೆ ಬರುವಾಗ, ಕ್ರಿ. ಶ. 630ರ ಸುಮಾರಿನಲ್ಲಿ, ಮಧ್ಯ ಏಷ್ಯದ ಹಿಮಪರ್ವತಗಳನ್ನು ಏಳು ದಿನಗಳಲ್ಲಿ ದಾಟಿದನು. ಅವನ ಸಂಗಡಿಗರಲ್ಲಿ ಹತ್ತಕ್ಕೆ ಮೂವರು ನಾಲ್ವರು ಚಳಿಯಿಂದಲೂ ಹಸಿವಿನಿಂದಲೂ ಸತ್ತರೆಂದು ಅವನ ಜೀವನಚರಿತ್ರೆಯಲ್ಲಿ ಹೇಳಿದೆ. ಆ ಕಣಿವೆಯಲ್ಲಿ ನಡೆಯುವವರು ಕೆಂಪು ಬಟ್ಟೆಯನ್ನು ಉಡಬಾರದು, ಸೋರೆಬುರುಡೆಯನ್ನು ಒಯ್ಯಬಾರದು, ಗಟ್ಟಿಯಾಗಿ ಕೂಗಬಾರದು, ಇಲ್ಲವಾದರೆ ಅಲ್ಲಿಯ ನಾಗನು ಕೆರಳುವನೆಂದು ಸ್ಥಳದವರು ನಂಬಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಕೂಗಿದರೆ ಹಿಮವು ಕುಸಿಯುವುದೆಂಬ ನಂಬಿಕೆ ಪರ್ವತಗಳಿರುವ ಎಲ್ಲ ದೇಶಗಳಲ್ಲಿಯೂ ಉಂಟು. ಮನುಷ್ಯನ ಕೂಗಿನ ಒತ್ತಡವು ಹಿಮದ ಪದರವನ್ನು ಒಡೆಯಲಾರದಷ್ಟು ಅಲ್ಪವೆಂದು ಈಗ ತಿಳಿದುಬಂದಿದೆ. ಆದರೂ ಆ ನಿಯಮವನ್ನು ಮೂಢನಂಬಿಕೆಯೆಂದು ತಳ್ಳಿಬಿಡಲು ನನಗೆ ಮನಸ್ಸು ಬಾರದು. ಮಾತನಾಡದೆ ನಡೆಯುವವನು ಕಿವಿಗೊಟ್ಟು ನಡೆಯುತ್ತಾನೆ. ಹಿಮವು ಕಳಚುವ ಮೊದಲು ಕಾಲಕೆಳಗೆ 'ಧಪ್' ಎಂಬ ಮಂದವಾದ ಸದ್ದು ಅನೇಕ ವೇಳೆ ಕೇಳಿಬರುವುದುಂಟು, ಮತ್ತು ಆ ಸದ್ದೇ ಹಿಂದಿರುಗುವುದಕ್ಕೆ ಸಾಕಾದ ಸೂಚನೆ.

ಎರಡನೆಯವನು ಹೊನ್ನಾವರದಲ್ಲಿಯೂ ಮಂಗಳೂರಿನಲ್ಲಿಯೂ ತಂಗಿ ನಮ್ಮ ಕರಾವಳಿಯ ವಿವರಗಳನ್ನು ಬರೆದ ಇಬ್ನ್ ಬತೂತ. ಅವನು 1333ರ ಸುಮಾರಿನಲ್ಲಿ ಹಿಂದೂಕುಷ್ ಪರ್ವತದ ಬುಡಕ್ಕೆ ಬಂದನು. ಇಂಡಿಯದಿಂದ ಹಿಡಿದುತರುವ ದಾಸದಾಸಿಯರು ಅಲ್ಲಿಯ ಚಳಿಯಲ್ಲಿಯೂ ಹಿಮದಲ್ಲಿಯೂ ಬಹುಸಂಖ್ಯೆಯಾಗಿ ಸಾಯುವುದರಿಂದ 'ಹಿಂದೂಗಳನ್ನು ಕೊಲ್ಲುವುದು' ಎಂಬ ಹೆಸರು ಆ ಪರ್ವತಕ್ಕೆ ಬಂದಿತೆಂದು ಅವನು ಹೇಳುತ್ತಾನೆ. ಈ ಒಂದು ವಾಕ್ಯವನ್ನು ಓದಿ ಮುಂದಕ್ಕೆ ಹೋಗುವುದು ಕಷ್ಟ. ಬೆಚ್ಚನೆಯ ನಾಡಿನ ಆ ಮಕ್ಕಳನ್ನು ಯಾವ ಹೊದಿಕೆಯೂ ಇಲ್ಲದೆ ಹಿಮದಲ್ಲಿ ನಡೆಯಿಸಿಕೊಂಡು ಹೋದ ವರ್ತಕರಿಗೆ ಹಿಮದ ವಿಷಯ ತಿಳಿಯದೆ ಇದ್ದಿತೆ? ಚೆನ್ನಾಗಿ ತಿಳಿದಿದ್ದಿತು. ಸತ್ತವರನ್ನು ನಷ್ಟದ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು, ಅಷ್ಟೆ. ಇಬ್ನ್ ಬತೂತನಾದರೋ ತನ್ನ ವಿಷಯದಲ್ಲಿ ಜಾಗರೂಕನಾಗಿದ್ದನು. ಸುಮಾರು ನಲವತ್ತು ದಿವಸ ಅಲ್ಲಿಯೇ ಬೀಡುಬಿಟ್ಟು ಬಿಸಿಲಿನ ಕಾಲವು ಬರುವವರೆಗೂ ಕಾದನು. ಅನಂತರ ಇರುಳಿನ ಕೊನೆಯ ಜಾವದಲ್ಲಿ ಹೊರಟು ಸಂಜೆಯವರೆಗೆ ನಡೆದು ದಾಟಿದನು. ಒಂಟೆಗಳ ಕಾಲು ಹಿಮದಲ್ಲಿ ಹೂಳದಂತೆ ಅವುಗಳ ಮುಂದೆ ಕಂಬಳಿಗಳನ್ನು ಹಾಸಿಸಿದನು. ರಾತ್ರಿಯ ಚಳಿಗೆ ಹಿಮವು ಗಟ್ಟಿಯಾಗಿರುವಾಗಲೇ ನಡೆಯಬೇಕು, ಬಿಸಿಲೇರಿದ ಮೇಲೆ ಇಳಿಜಾರುಗಳಿಂದ ದೂರವಿರಬೇಕು ಎಂಬ ಈ ನಿಯಮವನ್ನು ಇಂದಿನ ಪರ್ವತಾರೋಹಿಗಳೂ ಪಾಲಿಸುತ್ತಾರೆ.

ಕಾಯುವ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಧರ್ಮವೇ ಕಲಿಸಿದೆ. ಕೇದಾರನಾಥದ ರಾವಲರು ವೀರಶೈವ ಜಂಗಮ ಪರಂಪರೆಗೆ ಸೇರಿದವರೂ ಮೂಲತಃ ಕನ್ನಡನಾಡಿನವರೂ ಆಗಿರುವುದು ಅನೇಕರಿಗೆ ತಿಳಿದಿರುವ ವಿಷಯ. 11,700 ಅಡಿಗಳಿಗೆ ಮಿಕ್ಕ ಎತ್ತರದಲ್ಲಿರುವ ಆ ದೇವಾಲಯದ ಬಾಗಿಲನ್ನು ಕಾರ್ತಿಕ ಶುದ್ಧ ಬಿದಿಗೆಯ ದಿವಸ, ಅಂದರೆ ನಮ್ಮ ದೀಪಾವಳಿಯ ಹಿಂದೆಯೇ, ಮುಚ್ಚುತ್ತಾರೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಇಳಿದು ಊಖಿಮಠಕ್ಕೆ ಬಿಜಯಮಾಡಿಸುತ್ತದೆ. ಚಳಿಗಾಲದ ಪೂಜೆಯೆಲ್ಲವೂ ಅಲ್ಲಿಯೇ. ಬಾಗಿಲನ್ನು ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಗೊತ್ತುಮಾಡಿ, ವೈಶಾಖದ ಸುಮಾರಿಗೆ ತೆರೆಯುತ್ತಾರೆ. ದೇವರೇ ಕೆಳಗೆ ಇಳಿದುಬಿಟ್ಟ ಮೇಲೆ ಭಕ್ತನು ಮೇಲಕ್ಕೆ ಹೋಗಲು ಯಾವ ನೆಪವೂ ಉಳಿಯುವುದಿಲ್ಲ. ಯಾವ ಸರ್ಕಾರದ ಆಜ್ಞೆಯೂ ಇಷ್ಟು ಶತಮಾನಗಳ ಕಾಲ ಇಷ್ಟು ಚೆನ್ನಾಗಿ ನಡೆದುದನ್ನು ನಾನು ಕೇಳಿಲ್ಲ.

ಯೂರೋಪಿನಲ್ಲಿ ಈ ವಿದ್ಯೆಯನ್ನು ಬಹಳ ಬೆಲೆ ತೆತ್ತು ಕಲಿತರು. 1128-29ರ ಚಳಿಗಾಲದಲ್ಲಿ ರೋಮಿನಿಂದ ಹಿಂದಿರುಗುತ್ತಿದ್ದ ಯಾತ್ರಿಕರು ಆಲ್ಪ್ಸಿನ ಸೇಂಟ್ ಬರ್ನಾರ್ಡ್ ಕಣಿವೆಯ ಬುಡದ ಹಳ್ಳಿಯಲ್ಲಿ ಹಿಮದಿಂದ ತಡೆಯಲ್ಪಟ್ಟು ಕುಳಿತಿದ್ದರು. ದಾರಿತೋರಿಸುವ ಸ್ಥಳದ ಜನರು, ಪ್ರತಿಫಲವನ್ನು ಗೊತ್ತುಮಾಡಿಕೊಂಡು, ಮುಂದಾಗಿ ಹೋಗಿ ದಾರಿಮಾಡಲು ಹೊರಟರು. ಅವರಲ್ಲಿ ಹತ್ತು ಮಂದಿಯನ್ನು ಮೇಲಿನಿಂದ ಬಂದ ಹಿಮದ ರಾಶಿಯು ಹೂತುಹಾಕಿತು. ಯಾತ್ರಿಕರೊಳಗೆ ಇದ್ದ ಒಬ್ಬ ಮಠಾಧಿಪತಿಯು ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಎಂಬ ಗ್ರಾಮದವರು 1397ರಲ್ಲಿ ತಮ್ಮ ಊರಿನ ಮೇಲಣ ಕಾಡಿನ ಮರಗಳನ್ನು ಯಾರೂ ಕಡಿಯಕೂಡದೆಂದು ಕಟ್ಟುಮಾಡಿದರು. ನಿಂತ ಮರಗಳು ಹಿಮವನ್ನು ತಡೆದುಹಿಡಿಯುತ್ತವೆಂಬುದು ಅವರಿಗೆ ತಿಳಿದಿದ್ದಿತು. ಆ ದೇಶದ ದಾವೋಸ್ ನಗರದ ಸಂಶೋಧನಾಲಯದವರು 1945ರಿಂದ ಹಿಮಪ್ರಪಾತದ ಮುನ್ಸೂಚನೆಗಳನ್ನು ಜನರಿಗೆ ಪ್ರಕಟಿಸುತ್ತಿದ್ದಾರೆ.

ಆದರೆ ತಿಳಿವಳಿಕೆಯು ಇದ್ದರೂ ಅಧಿಕಾರವು ಕೇಳದಿದ್ದರೆ ಏನು ಪ್ರಯೋಜನ? ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯದ ಸೇನೆಯವರು ಮಾರ್ಮೊಲಾಡ ಶಿಖರದ ಕೆಳಗೆ, ಇಟಲಿಯವರ ಗುಂಡು ತಗಲದ ಜಾಗವೆಂದು, ಮರದ ಮನೆಗಳನ್ನು ಕಟ್ಟಿಕೊಂಡಿದ್ದರು. ಶತ್ರುವಿನ ದೃಷ್ಟಿಯಿಂದ ಅದು ಸುರಕ್ಷಿತ. ಹಿಮದ ದೃಷ್ಟಿಯಿಂದ ಅದು ಬಲಿಪೀಠ. ಅಲ್ಲಿಯ ನಾಯಕನಾಗಿದ್ದ ಕ್ಯಾಪ್ಟನ್ ರೂಡಾಲ್ಫ್ ಷ್ಮಿಡ್ ಎಂಬವನು ಈ ಅಪಾಯವನ್ನು ವಿವರಿಸಿ, ಸ್ಥಳವನ್ನು ಬದಲಾಯಿಸಬೇಕೆಂದು ಮೇಲಧಿಕಾರಿಗಳಿಗೆ ಬರೆದನು. ಅವರು ಒಪ್ಪಲಿಲ್ಲ. ಹಲವು ದಿವಸ ಎಡೆಬಿಡದೆ ಹಿಮ ಸುರಿದು, ಅನಂತರ ಹವೆಯು ಬೆಚ್ಚಗಾಗಿ, 1916ರ ಡಿಸೆಂಬರ್ 13ರಂದು ಆ ಪರ್ವತದ ಪಾರ್ಶ್ವವೇ ಕಳಚಿ ಬಂದಿತು. ಸುಮಾರು 270 ಮಂದಿ ಸತ್ತರು. ಪತ್ರವನ್ನು ಬರೆದ ಕ್ಯಾಪ್ಟನ್ನನು ಬದುಕಿ ಉಳಿದನು.

ನಮ್ಮ ದೇಶದ ಸೇನೆಯ ಚರಿತ್ರೆಯಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆಗಳೂ ಉಂಟು. 1948ರ ಫೆಬ್ರವರಿಯಲ್ಲಿ ಲಡಾಖಿನ ಲೇಹ್ ಪಟ್ಟಣವು ಶತ್ರುವಿನ ಬಾಯಿಗೆ ಬೀಳುವ ಸ್ಥಿತಿಯಲ್ಲಿದ್ದಾಗ, ಮೇಜರ್ ಪೃಥೀಚಂದರು ಲಾಹುಲಿನ ಪರ್ವತವಾಸಿಗಳಾದ ಸೈನಿಕರ ಒಂದು ಸಣ್ಣ ತಂಡದೊಡನೆ ಚಳಿಗಾಲದ ನಡುವೆ ಜೋಜಿಲಾ ಕಣಿವೆಯನ್ನು ದಾಟಿ ಮಾರ್ಚಿಯಲ್ಲಿ ಲೇಹನ್ನು ಸೇರಿದರು. ಹುಟ್ಟಿದಂದಿನಿಂದ ಹಿಮವನ್ನು ಓದಲು ಕಲಿತವರಿಂದ ಮಾತ್ರ ಆಗುವ ಕಾರ್ಯವದು. ಅದೇ ವರ್ಷದ ಶರತ್ಕಾಲದಲ್ಲಿ ಜೋಜಿಲಾ ಕಣಿವೆಯು ಶತ್ರುವಿನ ಹಿಡಿತದಲ್ಲಿದ್ದಿತು. ಹಿಮವು ಪೂರ್ತಿಯಾಗಿ ಮುಚ್ಚುವ ಮೊದಲು ಅದನ್ನು ಗೆಲ್ಲದಿದ್ದರೆ ಲಡಾಖಿಗೆ ದಾರಿಯೇ ಇಲ್ಲವಾಗುತ್ತಿದ್ದಿತು. ಆ ಭಾಗದ ಸೇನಾಪತಿಯಾಗಿದ್ದವರು ಕೊಡಗಿನ ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ತಿಮ್ಮಯ್ಯನವರು. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಬಾಲ್ತಾಲಿನಿಂದ ಮೇಲಕ್ಕೆ ದಾರಿಯನ್ನು ಅಗಲಮಾಡಿದರು. ನವೆಂಬರ್ 1ರಂದು ಟ್ಯಾಂಕುಗಳು 11,500 ಅಡಿಗಳ ಆ ಕಣಿವೆಯಲ್ಲಿ ಹಠಾತ್ತಾಗಿ ಕಾಣಿಸಿಕೊಂಡವು, ಶತ್ರುಗಳು ಓಡಿದರು. ಇದರಲ್ಲಿ ತಿಮ್ಮಯ್ಯನವರ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ಸಾಹಸಕ್ಕಿಂತಲೂ ಅವರ ಕಾಲಜ್ಞಾನವು ನನಗೆ ದೊಡ್ಡದಾಗಿ ಕಾಣುತ್ತದೆ: ಹಿಮವು ಕೊಟ್ಟ ಕೊನೆಯ ಗಡುವನ್ನು ಅವರು ಅರಿತಿದ್ದರು.

ಸಿಯಾಚಿನ್ ಎಂಬಲ್ಲಿ ಮಾತ್ರ ಕಾಯುವುದಕ್ಕೆ ಆಸ್ಪದವಿಲ್ಲ. 1984ರ ಏಪ್ರಿಲ್ 13ರಂದು ನಮ್ಮ ಸೇನೆಯು ಆ ಎತ್ತರವನ್ನು ಏರಿದಂದಿನಿಂದ ಚಳಿಗಾಲದಲ್ಲಿಯೂ ಠಾಣೆಗಳನ್ನು ಬಿಟ್ಟು ಇಳಿಯುವಂತಿಲ್ಲವಾಗಿದೆ. ಕೇದಾರದ ದೇವರು ಇಳಿಯುವ ಕಾಲದಲ್ಲಿ ತೇಜೂರಿನವನೂ ಕೋಟೆಯವನೂ ಬೆಟದೂರಿನವನೂ ಮೇಲಕ್ಕೆ ಹೋಗಬೇಕು. ಆ ಪ್ರದೇಶದಲ್ಲಿ ಗುಂಡಿಗಿಂತ ಹೆಚ್ಚು ಮಂದಿಯನ್ನು ಚಳಿಯೂ ಹಿಮವೂ ಕೊಂದಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ಕೆಲಸಮಾಡಿ ಬಂದಿದ್ದಾನೆ. 'ಮೇಷ್ಟ್ರೇ, ಅಲ್ಲಿ ನಾವು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಇರುಳಿನಲ್ಲಿ ನಡೆಯುತ್ತೇವೆ. ಮುಂದಿನವನ ಹೆಜ್ಜೆಯಲ್ಲಿಯೇ ಹೆಜ್ಜೆ ಇಡಬೇಕು' ಎಂದು ಅವನು ಹೇಳಿದನು. ಹಿಮದ ಬಿರುಕಿನಲ್ಲಿ ಒಬ್ಬನು ಬಿದ್ದರೆ ಉಳಿದವರು ಹಗ್ಗದಿಂದ ತಡೆಯುವುದಕ್ಕಾಗಿ ಈ ಏರ್ಪಾಟು. ಹಿಮಪ್ರಪಾತದ ಇಳಿಜಾರನ್ನು ಅಡ್ಡಹಾಯುವಾಗಲಾದರೋ ಒಬ್ಬರಿಂದೊಬ್ಬರು ದೂರವಾಗಿ, ಒಬ್ಬನಾದ ಮೇಲೆ ಒಬ್ಬನು ಹೋಗುವುದು ಪದ್ಧತಿ. ಹೋದರೆ ಒಬ್ಬನೇ ಹೋಗಲಿ, ಉಳಿದವರು ಅಗೆದು ತೆಗೆಯಲು ಇರಲಿ ಎಂಬ ಕಠಿಣವಾದ ಲೆಕ್ಕವದು.

ಅಗೆಯುವುದಕ್ಕೆ ಸಿಕ್ಕುವ ಕಾಲವಾದರೂ ಎಷ್ಟು? ಹಿಮದಡಿಯಲ್ಲಿ ಹೂತುಹೋದವರನ್ನು ಮೊದಲ ಹತ್ತು ನಿಮಿಷಗಳೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬನು ಉಳಿದರೆ ಹೆಚ್ಚು. ಸಾವು ಬರುವುದು ಬಹುಮಟ್ಟಿಗೆ ಚಳಿಯಿಂದಲ್ಲ, ಉಸಿರುಕಟ್ಟುವುದರಿಂದ. ಆದುದರಿಂದ ಹೊರಗಿನಿಂದ ಸಹಾಯ ಬರಲೆಂದು ಕಾಯುವುದು ವ್ಯರ್ಥ. ಸಂಗಡ ಇದ್ದವರೇ ಕೂಡಲೆ ಹುಡುಕಬೇಕು. ಹೂತವನು ಇರುವ ಕಡೆಯನ್ನು ತೋರಿಸುವ ಸಣ್ಣ ರೇಡಿಯೋ ಯಂತ್ರ, ಚುಚ್ಚಿ ನೋಡುವ ಉದ್ದನೆಯ ಸಲಾಕಿ, ಅಗೆಯುವ ಸಲಿಕೆ, ಈ ಮೂರೂ ಪ್ರತಿಯೊಬ್ಬನ ಬಳಿಯಲ್ಲಿಯೂ ಇರತಕ್ಕದ್ದು. ಕೊಚ್ಚಿಹೋಗುತ್ತಿರುವವನು ಹಿಮವು ನಿಲ್ಲುವ ಮೊದಲೇ ಕೈಗಳನ್ನು ಮುಖದ ಮುಂದೆ ಹಿಡಿದು ಉಸಿರಿಗೆ ಎಡೆಮಾಡಿಕೊಳ್ಳಬೇಕು. ನಿಂತ ಮೇಲೆ ಅದು ಗಾರೆಯಂತೆ ಬಿಗಿದುಕೊಳ್ಳುತ್ತದೆ. ಈ ಲೆಕ್ಕವನ್ನು ತಿಳಿದವರಿಗೆ ಮಾತ್ರ, ಆರು ದಿವಸ ಉಸಿರನ್ನು ಹಿಡಿದಿದ್ದ ಹನುಮಂತಪ್ಪನ ಸಂಗತಿಯು ಎಷ್ಟು ಅಪೂರ್ವವಾದದ್ದೆಂಬುದು ಅರ್ಥವಾದೀತು. ಅವನ ಸುತ್ತ ಗಾಳಿಗೆ ಸ್ವಲ್ಪ ಎಡೆ ಉಳಿದಿದ್ದಿತೆಂದು ಹೇಳುತ್ತಾರೆ. ಅವನನ್ನು ಹುಡುಕಿದವರಲ್ಲಿ ಸೇನೆಯ ನಾಯಿಗಳೂ ಇದ್ದವು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಹಿಂದೆ ಕಾಶೀಯಾತ್ರೆಗೆ ಹೊರಡುವವರು ಬಂಧುಗಳ ಅಪ್ಪಣೆಯನ್ನು ಪಡೆದು ಹೋಗುತ್ತಿದ್ದರು. ಈಗ ಬೆಂಗಳೂರಿನಲ್ಲಿ ಕೆಲಸಮಾಡುವ ನಮ್ಮ ತರುಣ ತರುಣಿಯರು ನಾಲ್ಕು ದಿವಸದ ರಜೆಯಲ್ಲಿ ವಿಮಾನವೇರಿ, ಡಿಸೆಂಬರ್ ಜನವರಿಗಳಲ್ಲಿಯೇ ಹಿಮಾಲಯದ ಶಿಖರಗಳಿಗೆ ಚಾರಣ ಹೋಗುತ್ತಾರೆ. ದೇವನಹಳ್ಳಿಯ ವಿಮಾನನಿಲ್ದಾಣವು ನಮಗೆ ಹತ್ತಿರವಾದುದರಿಂದ ಹಿಮಾಲಯವೂ ಹತ್ತಿರವಾಗಿರುವಂತೆ ಭ್ರಾಂತಿಯುಂಟಾಗಿದೆ. ಅವರ ಉತ್ಸಾಹವನ್ನು ನಾನು ಆಕ್ಷೇಪಿಸುವವನಲ್ಲ. ಹಿಮವಂತನನ್ನು ಕಾವ್ಯದಲ್ಲಿ ಮಾತ್ರ ಕಂಡ ನನ್ನಂಥವನಿಗೆ ಅಸೂಯೆಯೇ ಉಂಟಾಗುತ್ತದೆ. ಆದರೆ ರಜೆಯ ಮುಗಿಯುವ ದಿನವು ಗೊತ್ತಾಗಿರುವವನಿಗೆ ಕಾಯುವುದು ಕಷ್ಟ. ಇಬ್ನ್ ಬತೂತನಿಗಿದ್ದ ನಲವತ್ತು ದಿವಸಗಳು ಅವನಿಗೆ ಇಲ್ಲ. ಇಂಥ ಚಾರಣಗಳಲ್ಲಿ ಜನರನ್ನು ಬಲಿತೆಗೆದುಕೊಂಡ ಹಿಮಪ್ರಪಾತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಆ ತಂಡದವರ ಹೆಜ್ಜೆಯೇ ಎಬ್ಬಿಸಿದ್ದೆಂದು ವಿದೇಶಗಳ ಅನುಭವದಿಂದ ತಿಳಿದುಬಂದಿದೆ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ಬಳಿಯ ದ್ರೌಪದೀ ಕಾ ಡಾಂಡಾ ಶಿಖರದಲ್ಲಿ, ಪರ್ವತಾರೋಹಣವನ್ನೇ ಕಲಿಯಲು ಬಂದಿದ್ದ ವಿದ್ಯಾರ್ಥಿಗಳ ಮೇಲೆ ಹಿಮಪ್ರಪಾತವಾಗಿ 27 ಶವಗಳು ದೊರೆತವು. 2024ರ ಜೂನ್ ಮೊದಲಿನಲ್ಲಿ ಸಹಸ್ರತಾಲ್ ಸರೋವರದ ದಾರಿಯಲ್ಲಿ ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಚಳಿಯಿಂದ ತೀರಿಕೊಂಡರು. ಅದು ಹಿಮಪ್ರಪಾತವಲ್ಲ, ಚಳಿಗಾಲವೂ ಅಲ್ಲ. ನಮ್ಮಲ್ಲಿ ಆಗ ಮುಂಗಾರಿನ ಮಳೆಯನ್ನು ಎದುರುನೋಡುತ್ತಿದ್ದರು. ಆ ಎತ್ತರದಲ್ಲಿ ಪಂಚಾಂಗದ ಋತುವಿಗೂ ಗಾಳಿಯ ಋತುವಿಗೂ ಸಂಬಂಧವಿಲ್ಲ.

ಹೀಗಿರುವುದರಿಂದ ಮಗನೋ ಮಗಳೋ ಹಿಮಾಲಯಕ್ಕೆ ಹೊರಟು ನಿಂತಾಗ ಮನೆಯ ಹಿರಿಯರು ಉಣ್ಣೆಯ ಬಟ್ಟೆ, ಚಕ್ಕುಲಿ ಕೋಡುಬಳೆಗಳ ವಿಚಾರದೊಡನೆ ಇನ್ನು ಕೆಲವನ್ನೂ ಕೇಳಬಹುದು. ಕಳೆದ ಎರಡು ಮೂರು ದಿವಸಗಳಲ್ಲಿ ಅಲ್ಲಿ ಹೊಸ ಹಿಮವು ಬಿದ್ದಿದೆಯೆ? ಬಿದ್ದಿದ್ದರೆ ಅದು ನೆಲೆಗೊಳ್ಳುವವರೆಗೆ ಕೆಳಗಿನ ಬೀಡಿನಲ್ಲಿ ಉಳಿಯಲು ಎರಡು ದಿನಗಳು ಕೈಯಲ್ಲಿವೆಯೆ? ದಾರಿತೋರಿಸುವವನು ಆ ಕಣಿವೆಯಲ್ಲಿಯೇ ಹುಟ್ಟಿ ಬೆಳೆದವನೆ, ಮತ್ತು ಹಿಂದಿರುಗಿರೆಂದು ಅವನು ಹೇಳಿದರೆ ಹಣಕೊಟ್ಟವರು ಹಿಂದಿರುಗುವರೆ? ಮನಾಲಿಯಲ್ಲಿ ಹಿಮಪ್ರಪಾತದ ಅಧ್ಯಯನಕ್ಕಾಗಿ 1969ರಲ್ಲಿ ಸ್ಥಾಪಿತವಾದ ಸಂಸ್ಥೆಯು 2020ರಲ್ಲಿ ರಕ್ಷಣಾ ಇಲಾಖೆಯ ಮತ್ತೊಂದು ಸಂಶೋಧನಾ ಸಂಸ್ಥೆಯೊಳಗೆ ಸೇರಿತು. ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯದ ಜಿಲ್ಲೆಗಳಿಗೆ ಅದು ಅಪಾಯದ ಮುನ್ಸೂಚನೆಗಳನ್ನು ಕೊಡುತ್ತದೆ. ಹೊರಡುವವರು ಅದನ್ನು ನೋಡಿದ್ದಾರೆಯೆ ಎಂದೂ ಕೇಳಬೇಕು.